ನವಿಲು ವೇಷದ ಒಳಮಡಿಕೆ

ನೂತನ ಚೌಗುಲೆ ನವಿಲನ್ನು ಒಳಗಿನದು ಹೊರಗೆ ಮಾಡಿ ಮೇಜಿನ ಮೇಲೆ ಹರಡಿದಳು.

ಎಂಟು ವರ್ಷದ ಮಗುವಿಗೆ ಆಗುವಂಥ ವೇಷ ಅದು. ನೀಲಿ ಸ್ಯಾಟಿನ್ ಅಂಗಿ, ತೋಳಿನಿಂದ ಇಳಿಬಿದ್ದ ಹಸಿರು ರೆಕ್ಕೆ, ಬೆನ್ನ ತುಂಬ ಜರಿಯ ಕಣ್ಣುಗಳು. ಶಾಲೆಯ ಗ್ಯಾದರಿಂಗಿನಲ್ಲಿ ಮಕ್ಕಳು ಹಾಕಿಕೊಂಡು ಕುಣಿಯುತ್ತಾರಲ್ಲ, ಅಂಥದ್ದು. ಕಸ್ಟಮ್ಸ್ ಏಜೆಂಟರ ಕಚೇರಿಯ ಗುಮಾಸ್ತ ಸಿದ್ದಾರೂಢ ಕಾಣೆಯಾಗಿ ಅಂದಿಗೆ ಒಂಬತ್ತು ದಿನ. ಅವನ ಸ್ಕೂಟರಿನ ಡಿಕ್ಕಿಯಲ್ಲಿ ಸಿಕ್ಕಿದ್ದು ಇದೊಂದೇ.

ಎದುರಿನ ಕುರ್ಚಿಯಲ್ಲಿ ಅವನ ಹೆಂಡತಿ ರುತುಜಾ ಕೂತಿದ್ದಳು. ಅತ್ತು ಮುಗಿದ ಮುಖ. ಪೊಲೀಸರು ಮನೆಯಲ್ಲಿ ಜಗಳವಾಗಿತ್ತೇ ಎಂದು ನಾಲ್ಕು ಸಲ ಕೇಳಿ, ಫಿರ್ಯಾದು ಬರೆದುಕೊಂಡು ಕಳಿಸಿದ್ದರು. ಆಮೇಲೆ ಅವಳಿಗೆ ನೆನಪಾದವಳು ನೂತನ.

ಮೂವತ್ತು ವರ್ಷ ಮುಂಬೈ ಕಸ್ಟಮ್ಸಿನಲ್ಲಿ ಸರಕು ಪರೀಕ್ಷಿಸಿ, ನಾಲ್ಕು ವರ್ಷದ ಹಿಂದೆ ನಿವೃತ್ತಳಾಗಿ, ಕೊಲ್ಹಾಪುರದ ಶಾಹುಪುರಿಯಲ್ಲಿ ಒಂದೇ ಕೋಣೆಯ ಕಚೇರಿ ಮಾಡಿಕೊಂಡವಳು ನೂತನ. ಏಜೆಂಟರ ಪರೀಕ್ಷೆಗೆ ಕೂಡುವವರಿಗೆ ಅದೇ ಕೋಣೆಯಲ್ಲಿ ಭಾನುವಾರ ಪಾಠ ಹೇಳುತ್ತಿದ್ದಳು. ಸಿದ್ದಾರೂಢ ಅವಳ ಮೊದಲ ವರ್ಷದ ಶಿಷ್ಯ. ಉತ್ತರ ತಪ್ಪಿದರೂ ಕಾರಣವನ್ನು ಸರಿಯಾಗಿ ಹೇಳುತ್ತಿದ್ದ. ಅಂಥವರು ಕಡಿಮೆ ಎಂದು ಅವಳಿಗೆ ಗೊತ್ತಿತ್ತು.

ಮೇಜಿನ ಇನ್ನೊಂದು ಬದಿಗೆ ರುತುಜಾ ಮನೆಯಲ್ಲಿ ಹುಡುಕಿ ತಂದ ಎರಡು ಕಾಗದಗಳಿದ್ದವು. ಒಂದು, ಬಂದರಿನಲ್ಲಿ ಮಾಲು ಪರೀಕ್ಷೆಯಾದ ದಿನ ತೆಗೆದ ಫೋಟೋ. ಇನ್ನೊಂದು, ಸಿದ್ದಾರೂಢ ಇಲಾಖೆಗೆ ಬರೆದ ಪತ್ರದ ಪ್ರತಿ.

ವಿಷಯ ಮೇಲ್ನೋಟಕ್ಕೆ ಸಣ್ಣದು. ಇಚಲಕರಂಜಿಯ ವ್ಯಾಪಾರಿ ಅತುಲ ಮಗದುಮ್ ಹೊರದೇಶದಿಂದ ಒಂದು ಕಂಟೇನರು ತುಂಬ ಮಕ್ಕಳ ವೇಷ ತರಿಸಿದ್ದ. ಬಂದರಿನಲ್ಲಿ ಅವನ್ನು ಹಬ್ಬದ ಸಾಮಾನು ಎಂದು ಸುಂಕಪಟ್ಟಿಯ ತೊಂಬತ್ತೈದನೆಯ ಅಧ್ಯಾಯದಲ್ಲಿ ತೋರಿಸಲಾಗಿತ್ತು. ಆಟಿಕೆ, ಮುಖವಾಡ, ಅಲಂಕಾರದ ತೋರಣ ಎಲ್ಲ ಸೇರುವ ಅಧ್ಯಾಯ ಅದು. ಎರಡು ತಿಂಗಳ ಮೇಲೆ ಇಲಾಖೆಯಿಂದ ಪ್ರಶ್ನೆ ಬಂತು. ಬಟ್ಟೆಯಿಂದ ಹೊಲಿದ ವೇಷ ಬಟ್ಟೆಯಲ್ಲವೇ? ಅದು ಹೆಚ್ಚು ಸುಂಕ ಬೀಳುವ ಅರವತ್ತೆರಡನೆಯ ಅಧ್ಯಾಯದ ಉಡುಪು ಯಾಕಾಗಬಾರದು?

ನೂತನಳಿಗೆ ಈ ಜಗಳ ಹೊಸದಲ್ಲ. ಒಂದು ಸಂಜೆ ಹಾಕಿ ಎಸೆಯುವ ತೆಳು ವೇಷವೋ, ಒಗೆದು ಮತ್ತೆ ಮತ್ತೆ ತೊಡುವ ಉಡುಪೋ ಎಂಬುದರ ಮೇಲೆ ವಕೀಲರು ವರ್ಷಗಟ್ಟಲೆ ವಾದಿಸುತ್ತಾರೆ. ಪುಸ್ತಕ ಮುಚ್ಚಿಟ್ಟು ಹೊಲಿಗೆ ನೋಡಿ ಎಂದು ಅವಳು ಪಾಠದಲ್ಲಿ ಹೇಳುತ್ತಿದ್ದಳು.

ಅತುಲನ ಪರವಾಗಿ ಉತ್ತರ ಬರೆಯಬೇಕಾಗಿದ್ದವನು ಸಿದ್ದಾರೂಢ. ಅವನು ಗೋದಾಮಿಗೆ ಹೋಗಿ ಮಾಲು ನೋಡಿ, ಮಾದರಿಗೆಂದು ಒಂದು ನವಿಲು ಹಿಡಿದು ಬಂದ. ಬಂದು ಬರೆದದ್ದು ಮಾತ್ರ ಅತುಲನಿಗೆ ವಿರುದ್ಧವಾಗಿ. ಗೋದಾಮಿನಲ್ಲಿರುವುದು ಉಡುಪೇ ಸರಿ, ಅರವತ್ತೆರಡನೆಯ ಅಧ್ಯಾಯಕ್ಕೆ ಸೇರತಕ್ಕದ್ದು, ಪ್ರತಿಯೊಂದು ಪೆಟ್ಟಿಗೆಯನ್ನೂ ಬಿಚ್ಚಿ ಮತ್ತೊಮ್ಮೆ ಪರೀಕ್ಷೆಯಾಗಲಿ ಎಂದು. ಯಾರಿಗೂ ತೋರಿಸದೆ ಅಂಚೆಗೆ ಹಾಕಿದ. ಮರುದಿನ ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಸಿಕೊಂಡು ಕಚೇರಿಗೆ ಹೊರಟವನು ಕಚೇರಿಗೆ ಹೋಗಲಿಲ್ಲ. ಬಸ್ ನಿಲ್ದಾಣದ ಹೊರಗೆ ಸ್ಕೂಟರು ಸಿಕ್ಕಿತು.

ಸ್ವಂತ ಗಿರಾಕಿಗೆ ಕೇಡಾಗುವಂತೆ ಗುಮಾಸ್ತ ಯಾಕೆ ಬರೆಯುತ್ತಾನೆ?

ನೂತನ ಭೂತಗನ್ನಡಿಯನ್ನು ಫೋಟೋದ ಮೇಲೆ ಹಿಡಿದಳು. ಫೋಟೋದಲ್ಲಿಯೂ ನವಿಲೇ ಇತ್ತು. ಅದೇ ನೀಲಿ, ಅದೇ ಹಸಿರು. ಆದರೆ ಅದರ ಅಂಚನ್ನು ಮಡಿಚಿರಲಿಲ್ಲ, ಕತ್ತರಿಸಿದ ಹಾಗೇ ಬಿಟ್ಟಿದ್ದರು. ಎಳೆಗಳು ಆಗಲೇ ಬಿಚ್ಚಿಕೊಳ್ಳುತ್ತಿದ್ದವು. ಬೆನ್ನಿಗೆ ಅಂಟಿಸುವ ಪಟ್ಟಿ. ಅಸ್ತರಿಲ್ಲ.

ಮೇಜಿನ ಮೇಲಿನ ನವಿಲಿಗೆ ಅಂಚು ಎರಡು ಮಡಿಕೆ. ಮೈಗೆ ತಾಗುವಲ್ಲಿ ಹತ್ತಿಯ ಅಸ್ತರು. ಬೆನ್ನಿಗೆ ಐದು ಗುಂಡಿ, ಗುಂಡಿಗೊಂದು ದಾರದ ಕುಣಿಕೆ.

ಇವೆರಡೂ ಒಂದೇ ಮಾಲಲ್ಲ ಎಂದು ಅವಳು ರುತುಜಾಳಿಗೆ ಹೇಳಿದಳು. ಎರಡೂ ನವಿಲೇ ಅಲ್ಲವೇ ಎಂದು ರುತುಜಾ ಕೇಳಿದಾಗ ಸಣ್ಣ ಕತ್ತರಿ ತೆಗೆದುಕೊಂಡು ಒಳಮಡಿಕೆಯ ನಾಲ್ಕು ಹೊಲಿಗೆ ಬಿಚ್ಚಿದಳು. ಅಸ್ತರಿನ ತುದಿ ಹೊರಬಂತು. ಅದರ ಮೇಲೆ ಅರ್ಧ ಕತ್ತರಿಸಿಹೋದ ನೀಲಿ ಮುದ್ರೆ. ಉಳಿದ ಅಕ್ಷರಗಳು ಮರಾಠಿಯವು, '...ಕರಂಜಿ'.

ಸಮುದ್ರ ದಾಟಿ ಬಂದ ನವಿಲಿನ ಹೊಟ್ಟೆಯಲ್ಲಿ ಇಚಲಕರಂಜಿಯ ಮಗ್ಗದ ಬಟ್ಟೆ.

ನೂತನ ಕತ್ತರಿ ಕೆಳಗಿಟ್ಟು ಲೆಕ್ಕ ಹಾಕತೊಡಗಿದಳು. ಬಂದರಿನಲ್ಲಿ ಎಲ್ಲ ಪೆಟ್ಟಿಗೆ ಬಿಚ್ಚಿ ನೋಡುವುದಿಲ್ಲ. ಬಾಗಿಲ ಬಳಿಯ ಸಾಲಿನಲ್ಲಿ ಕೆಲವನ್ನು ನೋಡುತ್ತಾರೆ. ಆ ಸಾಲಿನಲ್ಲಿ ತೆಳು ನವಿಲುಗಳಿದ್ದವು. ಹಿಂದಿನ ಸಾಲುಗಳಲ್ಲಿ ಇದ್ದದ್ದು ಬೇರೆ ಏನೋ. ಅದು ಬಂದ ದಾರಿಯಲ್ಲೇ ಎಲ್ಲೋ ಇಳಿದುಹೋಗಿದೆ. ನಾಳೆ ಯಾರಾದರೂ ಗೋದಾಮು ನೋಡಲು ಬಂದರೆ ಇರಲೆಂದು ಪೆಟ್ಟಿಗೆಗಳಿಗೆ ಇಲ್ಲಿಯೇ ನವಿಲು ಹೊಲಿಸಿ ತುಂಬಿದ್ದಾರೆ. ಫೋಟೋ ಕೊಟ್ಟು ಇದರ ಹಾಗೆ ಮಾಡಿ ಎಂದಿರಬೇಕು. ಹೊಲಿದವರಿಗೆ ಕೆಟ್ಟದಾಗಿ ಹೊಲಿಯಲು ಬರಲಿಲ್ಲ.

ಇದನ್ನು ಸಿದ್ದಾರೂಢ ಕಂಡಿದ್ದಾನೆ. ಹಾಗಿದ್ದರೆ ಮಾಲು ಬದಲಾಗಿದೆ ಎಂದು ನೇರವಾಗಿ ಬರೆಯಬಹುದಿತ್ತು. ಬರೀ ಅಧ್ಯಾಯದ ಸಂಖ್ಯೆ ಬದಲಿಸಿ, ಪೆಟ್ಟಿಗೆ ಬಿಚ್ಚಿ ಎಂದು ಬೇಡಿ, ಅಷ್ಟಕ್ಕೇ ನಿಂತದ್ದು ಯಾಕೆ?

ರುತುಜಾ ಎದ್ದು ಮೇಜಿನ ಹತ್ತಿರ ಬಂದಿದ್ದಳು. ಅವಳ ಬೆರಳು ಗುಂಡಿಯ ಕುಣಿಕೆಯ ಮೇಲಿತ್ತು. ಕುಣಿಕೆಯ ತುದಿ ಚುಚ್ಚದಂತೆ ಅದನ್ನು ಒಳಕ್ಕೆ ಎಳೆದು, ಮೇಲೆ ಒಂದು ಪುಟ್ಟ ಅಡ್ಡ ಹೊಲಿಗೆ ಹಾಕಿ ಮುಚ್ಚಿದ್ದರು.

"ನನ್ನ ಮಗಳ ಎಲ್ಲಾ ಫ್ರಾಕಿಗೂ ಹಿಂಗ ಐತ್ರಿ," ಎಂದಳು. "ಇದು ತಾರಕ್ಕನ ಕೈ."

"ಯಾರು ತಾರಕ್ಕ?"

"ಇವರ ಅಕ್ಕ. ಗಡಹಿಂಗ್ಲಜದಾಗ ಇರತಾರ್ರಿ."

*

ಮರುದಿನ ಬೆಳಿಗ್ಗೆ ಎಸ್‌ಟಿ ಬಸ್ಸು ಗಡಹಿಂಗ್ಲಜ ಮುಟ್ಟುವಾಗ ಹತ್ತೂವರೆ. ರುತುಜಾಳ ತಾರಕ್ಕ ಊರಿಗೆಲ್ಲ ತಾರವ್ವ, ಅವಳ ಹೊಲಿಗೆ ಕೋಣೆ ಹುಡುಕಲು ಕಷ್ಟವಾಗಲಿಲ್ಲ. ಉದ್ದನೆಯ ತಗಡಿನ ಮಾಡಿನ ಕೆಳಗೆ ಏಳು ಯಂತ್ರ, ಆರು ಹೆಂಗಸರು. ಏಳನೆಯ ಯಂತ್ರದ ಮುಂದೆ ತಾರವ್ವ. ಐವತ್ತರ ಹೆಂಗಸು, ಹಣೆಯ ಮೇಲೆ ಅಡ್ಡ ವಿಭೂತಿ, ಕೊರಳಿನಲ್ಲಿ ಅಳತೆಯ ಟೇಪು. ನೂತನ ಚೀಲದಿಂದ ನವಿಲನ್ನು ತೆಗೆದು ತೋರಿಸಿದ ಕೂಡಲೇ ಅವಳು ಯಂತ್ರ ನಿಲ್ಲಿಸಿ, ಪಕ್ಕದ ಅಡಿಗೆಮನೆಗೆ ಕರೆದುಕೊಂಡು ಹೋದಳು.

ಅಲ್ಲಿ, ಒಲೆಯ ಮೇಲಿನ ಚಹಾ ಕುದಿದು ಕುದಿದು ಕಪ್ಪಾಗುವವರೆಗೂ ಹೇಳಿದಳು. ತಾಯಿ ಸತ್ತಾಗ ಸಿದ್ದಾರೂಢನಿಗೆ ನಾಲ್ಕು ವರ್ಷ. ತಾನು ಮದುವೆಯ ಮಾತನ್ನು ಮುಂದಕ್ಕೆ ಹಾಕುತ್ತ ಹಾಕುತ್ತ ಆ ಮಾತೇ ಬಿಟ್ಟುಹೋಯಿತು. ಇದೇ ಯಂತ್ರದ ಮೇಲೆ ಅವನನ್ನು ಓದಿಸಿದ್ದು. ಜೂನ್ ತಿಂಗಳ ಕೊನೆಯಲ್ಲಿ ಇಚಲಕರಂಜಿಯ ಅತುಲಶೇಠರ ಕಡೆಯಿಂದ ಎಂದು ಕಾರಿನಲ್ಲಿ ಒಬ್ಬರು ಬಂದರು. ಒಂದು ಫೋಟೋ ಕೊಟ್ಟರು. ಶಾಲೆಗಳಿಗೆ ಬೇಕು, ಹದಿನೈದು ದಿನದಲ್ಲಿ ಒಂಬೈನೂರು ನವಿಲು ಎಂದರು. ಅಸ್ತರು ಬೇಡ, ಅಂಚು ಮಡಿಚುವುದೂ ಬೇಡ ಎಂದು ಹೇಳಿಯೇ ಹೋಗಿದ್ದರು. ಆದರೆ ಜರಿ ಮಕ್ಕಳ ಮೈ ಗೀರುತ್ತದೆ ಎಂದು ತಾರವ್ವ ತಾನೇ ಅಸ್ತರು ತರಿಸಿ ಹಾಕಿದಳು. ಅದನ್ನು ಯಾರೂ ಕೇಳಿರಲಿಲ್ಲ, ಯಾರೂ ಬೇಡವೆಂದು ತಿರುಗಿಸಿಯೂ ಕಳಿಸಲಿಲ್ಲ.

ತಮ್ಮ ಬಂದದ್ದು ಆಮೇಲೆ, ಹನ್ನೊಂದು ದಿನದ ಹಿಂದೆ. ಕೈಯಲ್ಲಿ ಇದೇ ನವಿಲು. ಊಟಕ್ಕೆ ಕರೆದರೆ ಬರಲಿಲ್ಲ. ಹೊಸ್ತಿಲಲ್ಲಿ ಕೂತು ಅದನ್ನು ತಿರುವಿ ತಿರುವಿ ನೋಡಿದ. ಯಾರಿಗೂ ಏನೂ ಹೇಳಬೇಡ ಎಂದ.

"ಹೋಗುವಾಗ ಒಂದ ಮಾತ ಕೇಳಿದನ್ರಿ," ಎಂದಳು ತಾರವ್ವ. "ಅಕ್ಕಾ, ನೀ ಯಾಕ ಇಷ್ಟ ಚಂದ ಹೊಲದಿ, ಅಂದ. ನಾ ಹೊಗಳಾಕತ್ತಾನ ಅಂತ ತಿಳಕೊಂಡೆ."

ನೂತನ ಚಹಾದ ಲೋಟ ಕೆಳಗಿಟ್ಟಳು. ಅವಳಿಗೆ ಈಗ ಸಿದ್ದಾರೂಢನ ಪತ್ರ ಪೂರ್ತಿ ಓದಲು ಬಂದಿತ್ತು. ಮಾಲು ಬದಲಾಗಿದೆ ಎಂದು ಬರೆದರೆ ಹೊಲಿದವರು ಯಾರು ಎಂಬ ಪ್ರಶ್ನೆ ಮೊದಲು ಬರುತ್ತದೆ. ಉತ್ತರ ಈ ಅಡಿಗೆಮನೆಗೆ ಬಂದು ನಿಲ್ಲುತ್ತದೆ. ಸುಮ್ಮನಿದ್ದರೆ ಕಳವು ದಕ್ಕಿಹೋಗುತ್ತದೆ. ಎರಡೂ ಆಗದೆ ಸಿದ್ದಾರೂಢ ಮಾಲನ್ನು ಕಂಡಹಾಗೆ ಬರೆದ, ಅಕ್ಕನನ್ನು ಬಿಟ್ಟು. ಪೆಟ್ಟಿಗೆಗಳನ್ನು ಬೇರೆ ಯಾರಾದರೂ ಬಿಚ್ಚಲಿ ಎಂದು. ಹೇಡಿಯ ಕೆಲಸವೋ ಧೈರ್ಯದ ಕೆಲಸವೋ ಎಂದು ಅವಳು ಬಹಳ ಹೊತ್ತು ಯೋಚಿಸಿದಳು. ತಾನಾಗಿದ್ದರೆ ಏನು ಬರೆಯುತ್ತಿದ್ದೆ ಎಂಬುದೂ ಅವಳಿಗೆ ಹೊಳೆಯಲಿಲ್ಲ.

ಒಂದು ಮಾತ್ರ ಇನ್ನೂ ಕೂಡಿಬರುತ್ತಿರಲಿಲ್ಲ. ಸಿದ್ದಾರೂಢನ ಕಚೇರಿಯಿಂದ ಅವಳ ಕಚೇರಿಗೆ ನಡೆದರೆ ಹತ್ತು ನಿಮಿಷ. ಸಣ್ಣ ಸಂಶಯಕ್ಕೂ ಓಡಿ ಬರುತ್ತಿದ್ದವನು ಇಷ್ಟು ದೊಡ್ಡ ಕಷ್ಟದಲ್ಲಿ ಬರಲಿಲ್ಲ.

ಏಳುವ ಮೊದಲು ಅವಳು ತನ್ನ ನಂಬರು ಬರೆದುಕೊಟ್ಟಳು. ತಮ್ಮ ಬಂದರೆ ಕೂಡಿಸಿಕೊಳ್ಳಿ, ಊಟಕ್ಕೆ ಹಾಕಿ, ಪೊಲೀಸರಿಗಿಂತ ಮೊದಲು ನನಗೆ ತಿಳಿಸಿ ಎಂದಳು. ತಾರವ್ವ ಚೀಟಿಯನ್ನು ನೋಡಲಿಲ್ಲ, ನೂತನಳ ಮುಖವನ್ನೇ ನೋಡಿದಳು.

"ಅವಗ ಏನೂ ಆಗಂಗಿಲ್ಲಲ್ರಿ ಬಾಯಾರ?"

ಮೂವತ್ತು ವರ್ಷದ ನೌಕರಿಯಲ್ಲಿ ನೂತನ ಯಾರಿಗೂ ಮಾತು ಕೊಟ್ಟವಳಲ್ಲ. "ನಾ ಅದೇನಿ," ಎಂದಳು.

*

ಅದೇ ದಿನ ಇಳಿಹೊತ್ತಿಗೆ ನೂತನ ಇಚಲಕರಂಜಿ ಮುಟ್ಟಿದಳು. ಅತುಲನ ಗೋದಾಮಿನ ಗೋಡೆಗೆ ತಾಗಿ ವಿದ್ಯುತ್ ಮಗ್ಗಗಳ ಶೆಡ್ಡು. ಖಟಖಟ ಸದ್ದಿಗೆ ಮೇಜಿನ ಮೇಲಿನ ಗಾಜು ಸಣ್ಣಗೆ ನಡುಗುತ್ತಿತ್ತು. ಅತುಲ ನಲವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತನೆಯ ಮಾತು. ನೂತನ ಹೆಸರು ಹೇಳುತ್ತಿದ್ದಂತೆ ಎದ್ದು ನಿಂತಿದ್ದ. ತನ್ನ ಕುರ್ಚಿಯನ್ನೇ ಕೊಟ್ಟ. ನೀವೂ ನಮ್ಮ ಹಾಗೆ ಜೈನರು, ಸೂರ್ಯ ಮುಳುಗುವ ಮೊದಲೇ ಊಟ ಮಾಡುವವರಿರಬೇಕು, ಮನೆಯಲ್ಲಿ ಅಡಿಗೆಯಾಗಿದೆ, ನಡೆಯಿರಿ ಎಂದ. ಎಲ್ಲಾ ಬರೋಬ್ಬರಿ, ಸರಿಯಾಗಿ ಇದೆಯಲ್ಲ ಎಂದು ಎರಡು ಸಲ ಕೇಳಿದ. ಇಷ್ಟು ಮರ್ಯಾದೆ ಯಾಕೆ ಎಂದು ನೂತನಳಿಗೆ ಆಗಲೇ ಅನ್ನಿಸಿತ್ತು.

ಅವಳು ಫೋಟೋವನ್ನೂ ನವಿಲನ್ನೂ ಅಕ್ಕಪಕ್ಕ ಇಟ್ಟಳು. ಯಾವುದು ಹಡಗಿನಲ್ಲಿ ಬಂದದ್ದು ಎಂದು ಕೇಳಿದಳು.

ಅತುಲ ಫೋಟೋ ಮುಟ್ಟಿದ. ಹಾಗಾದರೆ ಇದು ಎಂದಾಗ, ಕೆಲವು ಕೆಟ್ಟುಹೋಗಿದ್ದವು, ಬದಲಿಗೆ ಹೊಲಿಸಿದೆ ಎಂದ. ಒಂಬೈನೂರು ಕೆಟ್ಟಿದ್ದವೇ ಎಂದಳು. ಅವನು ಒಂಬೈನೂರರ ಸುದ್ದಿ ಅವಳಿಗೆ ಗೊತ್ತಿದೆ ಎಂದು ತಿಳಿದು, ಗಾಜಿನ ನಡುಕ ನಿಲ್ಲಿಸುವವನಂತೆ ಅದರ ಮೇಲೆ ಕೈಯಿಟ್ಟ.

"ಹಿಂದಿನ ಸಾಲಿನ ಪೆಟಗ್ಯಾಗ ಏನಿತ್ತು?"

"ನೋಡಿಲ್ರಿ."

"ನಿಮ್ಮ ಲೈಸೆನ್ಸ್, ನಿಮ್ಮ ಹೆಸರು, ನಿಮ್ಮ ಮಾಲು. ನೀವ ನೋಡಿಲ್ಲ?"

"ಲೈಸೆನ್ಸ್ ಅಷ್ಟ ನನ್ನದರಿ." ಅವನ ದನಿ ಇಳಿಯಿತು. "ಒಂದ ಸಲ ನಿಮ್ಮ ಹೆಸರ ಮ್ಯಾಲ ತರಸ್ರಿ ಅಂದ್ರು. ಮುಂದಿನ ಸಾಲು ನನಗ, ಹಿಂದಿನದು ಅವರಿಗೆ ಅಂತ ಮಾತಾತು. ಇಚಲಕರಂಜಿ ಮುಟ್ಟೂದ್ರಾಗ ಲಾರಿ ನಿಲ್ಲಿಸಿ ಇಳಿಸಿಕೊಂಡ್ರು. ಒಂದೊಂದ ಪೆಟಗಿ ಎತ್ತಾಕ ಇಬ್ಬಿಬ್ಬರು ಬೇಕಾದ್ರು. ವೇಷ ಅಷ್ಟ ಭಾರ ಇರಂಗಿಲ್ಲ ಅಂತ ನನಗೂ ತಿಳೀತೈತ್ರಿ."

"ತಿಳದೂ ಬಿಟ್ಟಿರಿ."

"ನಾ ಕಳ್ಳ ಅಲ್ರಿ ಮ್ಯಾಡಮ್. ಸರಕಾರದ ಕಾಗದ ನೋಡೇ ಬಿಟ್ಟೇನಿ. ಹೆಚ್ಚಿನ ತಪಾಸಣಿಗೆ ಇಲಾಖೆ ಒಯ್ಯಾಕತ್ತೈತಿ, ಗುಪ್ತ ವಿಷಯ, ಬಾಯಿ ಬಿಡಬ್ಯಾಡ್ರಿ ಅಂತ ಅದರಾಗ ಬರದೈತಿ."

"ಮತ್ತ ನವಿಲ ಯಾಕ ಹೊಲಿಸಿದಿರಿ? ಸರಕಾರ ತಾ ಒಯ್ದ ಮಾಲಿನ ಬದಲಿ ಬ್ಯಾರೆ ಮಾಲ ತುಂಬ್ರಿ ಅಂತ ಹೇಳತೈತೇನ್ರಿ?"

ಪಕ್ಕದ ಶೆಡ್ಡಿನಲ್ಲಿ ಒಂದು ಮಗ್ಗ ನಿಂತಿತು. ಉಳಿದವು ನಡೆದೇ ಇದ್ದವು. ಈ ಪ್ರಶ್ನೆಯನ್ನು ಅವನು ತನಗೆ ತಾನೇ ಬಹಳ ಸಲ ಕೇಳಿಕೊಂಡಿದ್ದ ಎಂದು, ಪ್ರತಿ ಸಲವೂ ಉತ್ತರ ಸಿಗುವ ಮೊದಲೇ ಎದ್ದುಹೋಗಿದ್ದ ಎಂದು, ನೂತನಳಿಗೆ ಅವನ ಮುಖದ ಮೇಲೆ ಕಾಣಿಸಿತು. ಸಿಟ್ಟು ಬರಬೇಕಾಗಿತ್ತು. ಬಂದದ್ದು ದಣಿವು.

ಆ ಕಾಗದ ತೋರಿಸಿ ಎಂದಳು.

ಅತುಲ ಅವಳನ್ನು ವಿಚಿತ್ರವಾಗಿ ನೋಡಿದ. ಕಪಾಟು ತೆರೆದು ಪ್ಲಾಸ್ಟಿಕ್ಕಿನ ಹೊದಿಕೆಯಲ್ಲಿದ್ದ ಒಂದು ಹಾಳೆಯನ್ನು ಎರಡೂ ಕೈಯಿಂದ ತಂದು ಅವಳ ಮುಂದಿಟ್ಟ.

ಭಾಷೆ ಅಚ್ಚುಕಟ್ಟಾಗಿತ್ತು, ಇಲಾಖೆಯವರು ಬರೆಯುವ ಹಾಗೇ. ತಾರೀಖು ಈ ವರ್ಷದ ಜೂನ್ ಹದಿನೆಂಟು. ಕೆಳಗೆ ದುಂಡನೆಯ ಮೊಹರು. ಮೊಹರಿನ ಮೇಲೆ ಹಾಯ್ದ ಸಹಿ. ಸಹಿಯ ಕೊನೆಯ ಗೆರೆ ಹಿಂದಕ್ಕೆ ಹೊರಳಿ ಇಡೀ ಹೆಸರಿನ ಕೆಳಗೆ ಓಡಿತ್ತು.

ನೂತನ ಆ ಗೆರೆಯನ್ನು ಮೂವತ್ತು ವರ್ಷ ದಿನಕ್ಕೆ ನೂರು ಸಲ ಎಳೆದಿದ್ದಳು.

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಸಹಿ ಬದಲಾಗಲಿಲ್ಲ. ನಿವೃತ್ತಿಯ ದಿನ ಮೊಹರುಗಳನ್ನು ಒಪ್ಪಿಸಿ ಬಂದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಸಹಿಯನ್ನು ಮಾತ್ರ ಯಾರಿಗೂ ಒಪ್ಪಿಸಿ ಬಂದಿರಲಿಲ್ಲ. ಇದನ್ನು ಬರೆದವರು ಅವಳ ಪಕ್ಕದಲ್ಲಿ ಬಹಳ ವರ್ಷ ಕೂತವರೇ ಆಗಿರಬೇಕು.

"ನೀವು ನೋಡಾಕ ಬಂದೀರಿ ಅಂತ ತಿಳಕೊಂಡೇನ್ರಿ," ಎಂದ ಅತುಲ ಮೆಲ್ಲಗೆ. "ಎಲ್ಲಾ ನೀವು ಹೇಳಿದಂಗ ಐತೋ ಇಲ್ಲೋ ಅಂತ."

ಅವನ ಕುರ್ಚಿ, ಅವನ ಊಟದ ಕರೆ, ಎರಡು ಸಲದ ಬರೋಬ್ಬರಿ ಎಲ್ಲ ಈಗ ಅರ್ಥವಾಯಿತು. ಇದು ತನ್ನ ಸಹಿಯಲ್ಲ ಎಂದು ಅವಳು ಹೇಳಿದಳು. ಅತುಲ ಹೌದ್ರಿ ಎಂದ. ಆ ಹೌದ್ರಿಯಲ್ಲಿ ನಂಬಿಕೆ ಇರಲಿಲ್ಲ.

"ಈ ಕಾಗದ ಸಿದ್ದಾರೂಢಗ ತೋರಿಸೀರೇನು?"

"ತೋರಿಸೇನ್ರಿ. ಮಾಲು ನೋಡಿ ಭಾಳ ಪ್ರಶ್ನೆ ಕೇಳಾಕತ್ತಿದ್ದ. ಇದನ್ನ ಕೊಟ್ಟ ಮ್ಯಾಲ ಒಂದೂ ಕೇಳಲಿಲ್ಲ. ನೋಡಕೋತ ಕುಂತ. ಬಾಯಾರು ತಾವ ಬಂದಿದ್ರೇನು ಅಂದ. ಇಲ್ಲ, ಅವರ ಮನಷ್ಯಾ ಬಂದಿದ್ದ ಅಂದೆ. ಮಡಚಿ ನನ್ನ ಕೈಯಾಗ ಕೊಟ್ಟ ಹೋದ."

ಹಾಳೆಯ ನಡುವೆ ಆ ಮಡಿಕೆಯ ಗುರುತು ಇತ್ತು.

ನೂತನ ಅದನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡು ಹೊರಗೆ ಬಂದಳು. ರಸ್ತೆಯಲ್ಲಿ ನೂಲಿನ ಮೂಟೆ ಹೇರಿದ ಗಾಡಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಹತ್ತು ನಿಮಿಷದ ದಾರಿಯನ್ನು ಸಿದ್ದಾರೂಢ ಯಾಕೆ ನಡೆಯಲಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿತ್ತು. ನಿವೃತ್ತಳಾದವಳ ಸಹಿ ಈ ವರ್ಷದ ಕಾಗದದ ಮೇಲೆ ಕಂಡು, ಹೊಲಿಗೆ ನೋಡಲು ಕಲಿಸಿದವಳೇ ಕಳ್ಳಿ ಎಂದು ಅವನು ತಿಳಿದಿದ್ದ. ಕಂಡದ್ದನ್ನೇ ನಂಬಬೇಕು ಎಂದು ಅವಳೇ ಹೇಳಿಕೊಟ್ಟಿದ್ದಳು, ಮತ್ತು ಅವನು ಕಂಡದ್ದು ಅವಳ ಸಹಿಯನ್ನು. ರುತುಜಾ ತನ್ನ ಕಚೇರಿಗೆ ಬಂದು ಕೂತಿದ್ದಾಳೆ ಎಂದು ತಿಳಿದರೆ ಅವನಿಗೆ ಏನೆನ್ನಿಸಬಹುದು? ಯಾರ ಮೂಲಕ, ಯಾವ ಮಾತಿನಲ್ಲಿ ಅವನಿಗೆ ಹೇಳಿಕಳಿಸುವುದು? ತಾನು ಏನು ಹೇಳಿದರೂ ಅದು ಅವನಿಗೆ ಬೆದರಿಕೆಯಾಗಿಯೇ ಕೇಳಿಸುತ್ತದೆ.

ಫೋನು ಬಡಿದುಕೊಂಡಿತು. ಹೊಸ ನಂಬರು. ಹಿಂದೆ ಹೊಲಿಗೆ ಯಂತ್ರದ ಸದ್ದಿಲ್ಲ, ಹೆಂಗಸರ ಮಾತಿಲ್ಲ.

"ತಮ್ಮ ಬಂದಿದ್ದನ್ರಿ," ಎಂದಳು ತಾರವ್ವ. ಅವಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಹಿತ್ತಲ ಕಡೆಯಿಂದ ಬಂದ. ಗಡ್ಡ ಬೆಳೆದಿತ್ತು. ಎರಡು ತಂಬಿಗೆ ನೀರು ಕುಡಿದ. ನೀವು ಹೇಳಿದ ಹಾಗೆ ಕೂಡಿಸಿದೆ, ತಾಟು ಹಚ್ಚಿದೆ, ಒಂದು ತುತ್ತು ಮುರಿದು ಬಾಯಿಗೆ ಇಟ್ಟುಕೊಂಡ.

"ಅಂಜಬ್ಯಾಡೋ, ನೂತನಬಾಯಾರು ಮನೀತನಕ ಬಂದಿದ್ರು, ಅವರಿಗೆ ಫೋನ್ ಹಚ್ಚತೇನಿ ಅಂದೆ. ಅಷ್ಟ ಅಂದೇನ್ರಿ ನಾ. ತಾಟ ಬಿಟ್ಟ ಎದ್ದ. ಅವರು ಈ ಮನಿನೂ ಹೊಕ್ಕಾರೇನು ಅಂತ ನನ್ನ ಕಡೆ ನೋಡಿದ. ಚಪ್ಪಲಿ ಸುದ್ದಾ ಮೆಟ್ಟಲಿಲ್ಲ, ಓಡಿ ಹೋದ."

ಅವನು ಎತ್ತ ಹೋದ ಎಂದು ನೂತನ ಕೇಳಿದಳು.

ಆಮೇಲೆ ತಾರವ್ವ ಮಾತಾಡಿದಳು. ಬೆಳಿಗ್ಗೆ ಅಡಿಗೆಮನೆಯಲ್ಲಿ ಇದ್ದ ದನಿ ಅದಾಗಿರಲಿಲ್ಲ.

"ನೀವು ನನ್ನ ತಮ್ಮಗ ಏನ ಮಾಡೀರಿ?"